ಬಾಡಿಗೆ ಮನೆಯ ಪೋರ್ಟಬಲ್ ಎ.ಸಿ.

ದಾವಣಗೆರೆಯ ನಮ್ಮ ಮನೆಯ ಮಹಡಿ ಕೋಣೆಗೆ ಪಡುವಣ ಬಿಸಿಲೂ ತೆರೆದ ತಾರಸಿಯೂ ಇರುವುದರಿಂದ, ಏಪ್ರಿಲ್ ತಿಂಗಳಲ್ಲಿ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರ ನಂತರವೂ ಶಾಖವನ್ನು ಒಳಗೆ ಬಿಡುತ್ತಲೇ ಇರುತ್ತದೆ. ಗೋಡೆ ಕೊರೆಯಲು ಮಾಲೀಕರು ಒಪ್ಪದ ಕಾರಣ ಚಕ್ರವಿರುವ ಪೋರ್ಟಬಲ್ ಎ.ಸಿ. ತಂದೆವು.

ಕೋಣೆಯಿಂದ ಹೀರಿದ ಶಾಖವನ್ನೂ ತನ್ನ ಕಂಪ್ರೆಸರ್ ಹುಟ್ಟಿಸಿದ ಶಾಖವನ್ನೂ ಈ ಯಂತ್ರ ದಪ್ಪ ಕೊಳವೆಯ ಮೂಲಕ ಹೊರಹಾಕಲೇಬೇಕು. ಕೊಳವೆಯನ್ನು ಕಿಟಕಿಗೆ ಜೋಡಿಸದಿದ್ದರೆ ಕೋಣೆ ತಣ್ಣಗಾಗುವ ಬದಲು ಇನ್ನಷ್ಟು ಕಾಯುತ್ತದೆ. ಒಂದೇ ಕೊಳವೆಯ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ಅವು ಕೋಣೆಯ ಗಾಳಿಯನ್ನೇ ಬಳಸಿ ಶಾಖವನ್ನು ಹೊರದೂಡುವುದರಿಂದ, ಅಷ್ಟೇ ಪ್ರಮಾಣದ ಹೊರಗಿನ ಬಿಸಿಗಾಳಿ ಸಂದುಗೊಂದುಗಳಿಂದ ಒಳನುಗ್ಗುತ್ತದೆ. ನಮ್ಮ ಬಾಗಿಲ ಕೆಳಗೆ ಹಿಡಿದ ಕಾಗದದ ಚೂರು ಒಳಮುಖವಾಗಿ ಬಾಗಿ ಪಟಪಟನೆ ಬಡಿದುಕೊಳ್ಳುತ್ತಿತ್ತು. ಎರಡು ಕೊಳವೆಯ ಮಾದರಿ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಅಂಗಡಿಯವರು ಇದನ್ನೇಕೋ ತಾವಾಗಿ ಹೇಳುವುದಿಲ್ಲ.

ಎ.ಸಿ.ಯ ಅಳತೆಯಲ್ಲಿ ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು. (ಶಾಖವನ್ನು ಅಳೆಯುವ ಒಂದು ಮಾನ), ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ತೆಗೆಯುವ ಸಾಮರ್ಥ್ಯ. ಇಂಥ ಎ.ಸಿ.ಗೆ 16 ಆಂಪಿಯರ್ ಪ್ಲಗ್ ಇರಲಿ, ಸಾಧಾರಣ ಎಕ್ಸ್‌ಟೆನ್ಷನ್ ವೈರ್ ಸಲ್ಲದು. ಕೊಳವೆಯನ್ನು ಆದಷ್ಟು ಗಿಡ್ಡವಾಗಿ, ನೇರವಾಗಿ ಇಡಬೇಕು. ಏಕೆಂದರೆ ಅದರ ಮೈಯೇ ಕೋಣೆಗೆ ಶಾಖ ಸೂಸುತ್ತದೆ.

ನನ್ನ ಮಟ್ಟಿಗೆ, ನಮ್ಮ ಸೀಮೆಯ ಒಣ ಬೇಸಿಗೆಗೆ ಕಿಟಕಿಯ ಬಳಿ ಇಟ್ಟ ಒಳ್ಳೆಯ ಕೂಲರ್ ಕಡಿಮೆ ವಿದ್ಯುತ್ತಿನಲ್ಲಿಯೇ ಸಾಕಷ್ಟು ಕೆಲಸ ಮಾಡುತ್ತದೆ. ಆದರೆ ಮುಂಗಾರು ಪೂರ್ವದ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದಾಗ ಕೂಲರ್ ಕೈಕೊಡುತ್ತದೆ, ಆಗ ಎ.ಸಿ.ಯೇ ಗತಿ.