ಹಾಗಾದ್ರೆ ನಿಮಗೆ ಸಿಕ್ಕಿತ್ತಲ್ಲ

ಮೊದಲೇ ಒಂದು ಮಾತು. ರವಿಚಂದ್ರನ್ ಅವರ 'ದೃಶ್ಯ' ಇನ್ನೂ ನೋಡದೇ ಇರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. 'ಬೆಳದಿಂಗಳ ಬಾಲೆ' ನೋಡದವರೂ ಅಷ್ಟೇ. ಮೊದಲು ಸಿನಿಮಾ ನೋಡಿ, ಆಮೇಲೆ ಬನ್ನಿ. ಈ ಬರಹ ಎಲ್ಲೂ ಓಡಿ ಹೋಗುವುದಿಲ್ಲ.

ಕಳೆದ ಭಾನುವಾರ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿ ಒಂದೂವರೆ ತಿಂಗಳಾಗಿದೆ. ಇನ್ನು ಟೀವಿ ನೋಡಬಹುದು ಅಂತ ಡಾಕ್ಟರು ಹೇಳಿದ್ದರು. ಹೊರಗೆ ಮಳೆ. ಹೊಸ ಕಣ್ಣಲ್ಲಿ ಅಮ್ಮ ನೋಡುವ ಮೊದಲ ಸಿನಿಮಾ ಚೆನ್ನಾಗಿರಲಿ ಅಂತ ನಾನೇ 'ದೃಶ್ಯ' ಹಾಕಿದೆ. ಅದು ಬಂದಿದ್ದು 2014ರಲ್ಲಿ. ಆಗ ಅಪ್ಪನಿಗೆ ಹುಷಾರಿರಲಿಲ್ಲ, ಅಮ್ಮ ಯಾವ ಸಿನಿಮಾವನ್ನೂ ನೋಡಲಿಲ್ಲ. ಆಮೇಲೆ ಟೀವಿಯಲ್ಲಿ ಎಷ್ಟು ಸಲ ಬಂದರೂ ಅದು ಹೇಗೋ ತಪ್ಪಿಹೋಗುತ್ತಿತ್ತು.

ಅಮ್ಮ ಸುಮ್ನೆ ಕೂತು ಸಿನಿಮಾ ನೋಡುವವಳಲ್ಲ. ಕೈಗೊಂದು ಕೆಲಸ ಬೇಕು. ಅವತ್ತು ಮೊರದಲ್ಲಿ ಹಲಸಿನ ಬೀಜ ಹಾಕಿಕೊಂಡು ಸಿಪ್ಪೆ ತೆಗೆಯುತ್ತಿದ್ದಳು. ಅರ್ಧ ಸಿನಿಮಾ ಆಗುವ ಹೊತ್ತಿಗೆ ಕೈ ನಿಂತಿತ್ತು. ಮೊರ ಪಕ್ಕಕ್ಕೆ ಸರಿದಿತ್ತು. ಪೊಲೀಸರು ಆ ಸಣ್ಣ ಹುಡುಗಿಯನ್ನು ಹೊಡೆಯುವಾಗ "ಅಯ್ಯೋ, ಮಗು ಕಣೋ ಅದು" ಅಂತ ಟೀವಿಗೆ ಹೇಳಿದಳು. ಹೆಣ ಎಲ್ಲಿ ಹೂತಿದ್ದು ಅಂತ ಹುಡುಗಿ ಬಾಯಿ ಬಿಟ್ಟಳು. ಪೊಲೀಸರು ಗೊಬ್ಬರದ ಗುಂಡಿ ಅಗೆಯೋಕೆ ಶುರು ಮಾಡಿದರು. ಅಮ್ಮ ಸೆರಗಿನ ತುದಿ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದಳು.

ಆಗ ಭಾವ ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಬಂದರು. ನಿಂತಲ್ಲೇ ಹೇಳಿದರು: "ಅಲ್ಲೇನೂ ಸಿಗಲ್ಲ ಅತ್ತೆ. ಹೆಣ ಇರೋದು ಹೊಸಾ ಪೊಲೀಸ್ ಸ್ಟೇಷನ್ ಕೆಳಗೆ."

ನಾನು "ಭಾವಾ!" ಅಂದೆ. ಅಕ್ಕ ತಲೆ ಮೇಲೆ ಕೈ ಇಟ್ಟುಕೊಂಡಳು. ಅಮ್ಮ ಮಾತ್ರ ನಿಧಾನಕ್ಕೆ ತಿರುಗಿ ಕೇಳಿದಳು.

"ನೀವೇ ನೋಡಿದ್ರಾ, ಇಲ್ಲ ನಿಮಗೂ ಯಾರಾದ್ರೂ ಹೇಳಿದ್ರಾ?"

"ನಾನೇ ನೋಡಿದ್ದು ಅತ್ತೆ, ಥಿಯೇಟರಲ್ಲಿ. ಮೊದಲನೇ ವಾರನೇ."

"ಹಾಗಾದ್ರೆ ನಿಮಗೆ ಸಿಕ್ಕಿತ್ತಲ್ಲ."

ಅಷ್ಟೇ. ಸಿಟ್ಟಿಲ್ಲ, ಚುಚ್ಚಿದ ಹಾಗೂ ಇರಲಿಲ್ಲ. ಒಳ್ಳೆಯ ಊಟ ಮಾಡಿ ಬಂದವರಿಗೆ "ನಿಮ್ಮದು ಊಟ ಆಯ್ತಲ್ಲ" ಅನ್ನುವ ಹಾಗೆ ಹೇಳಿದಳು. ಆಮೇಲೆ ಮೊರ ಹತ್ತಿರ ಎಳೆದುಕೊಂಡು ಮತ್ತೆ ಬೀಜದ ಸಿಪ್ಪೆ ತೆಗೆಯೋಕೆ ಶುರು ಮಾಡಿದಳು. ಕೊನೆಯವರೆಗೂ ನೋಡಿದಳು, ನಿಜ. ಆದರೆ ಕೈ ನಿಲ್ಲಲಿಲ್ಲ. ಸೋಮವಾರ ಬಸ್ಸಲ್ಲಿ ವಾಪಸ್ ಬರುವಾಗಲೂ ನನ್ನ ಕಣ್ಣ ಮುಂದೆ ಅದೇ ಇತ್ತು. ಪಕ್ಕಕ್ಕೆ ಸರಿದಿದ್ದ ಮೊರ ಮತ್ತೆ ಹತ್ತಿರ ಬಂದದ್ದು.

ಭಾವ ಕೆಟ್ಟವರಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ರಾತ್ರಿ ಬೆಂಚಿನ ಮೇಲೆ ಮಲಗಿದವರು ಅವರೇ. ಆದರೆ ಗೊತ್ತಿರುವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಅವರಿಗೆ ಆಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಕ್ಕನಿಗೆ ಹುಟ್ಟುಹಬ್ಬಕ್ಕೆ ಅಂತ ಸೀರೆ ತಂದು, ಹಿಂದಿನ ದಿನವೇ ಬಣ್ಣ ಯಾವುದು ಅಂತ ಹೇಳಿಬಿಟ್ಟಿದ್ದರಂತೆ. ನಾನು ತುಂಬ ಜನರಲ್ಲಿ ಇದನ್ನು ನೋಡಿದ್ದೇನೆ. ಗೊತ್ತಿರುವುದು ಅಂದರೆ ಹೇಳುವುದಕ್ಕೇ ಇರುವುದು ಅಂದುಕೊಂಡಿರುತ್ತಾರೆ. ಎದುರಿಗಿರುವವರ ಕೈಯಿಂದ ಏನು ಹೋಯಿತು ಅಂತ ಅವರಿಗೆ ಕಾಣಿಸುವುದೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಭಾವ ತಮ್ಮ ವಾದ ಮುಂದಿಟ್ಟರು. "ಅಲ್ಲ ಅತ್ತೆ, ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೂ ನೀವು ರಾತ್ರಿಯಿಡೀ ತಾಳಮದ್ದಲೆ ಕೇಳ್ತಿದ್ರಿ ಅಲ್ವಾ? ಗೊತ್ತಾದ್ರೆ ಮಜಾ ಹೋಗತ್ತೆ ಅಂತಿದ್ರೆ ಯಾರು ಬರ್ತಿದ್ರು?" ಅಮ್ಮ ನಕ್ಕು ಸಾರು ಬಡಿಸಿದಳು. ಬೆಳಿಗ್ಗೆ ಮನೆಯ ವಾಟ್ಸಾಪ್ ಗುಂಪಿಗೆ ಭಾವ ಒಂದು ಲೇಖನ ಬೇರೆ ಕಳಿಸಿದ್ದರು. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಸಣ್ಣಕತೆಗಳನ್ನು ಓದಲು ಕೊಟ್ಟು ಪರೀಕ್ಷೆ ಮಾಡಿದ್ದರು. ಕೊನೆ ಮೊದಲೇ ಗೊತ್ತಿದ್ದವರೇ ಕತೆಯನ್ನು ಜಾಸ್ತಿ ಇಷ್ಟಪಟ್ಟರು ಅಂತ ಅದರಲ್ಲಿತ್ತು. ನಾಲ್ಕು ವರ್ಷದ ನಂತರ ಬೇರೆಯವರು ಇಂಥದ್ದೇ ಪರೀಕ್ಷೆ ಮಾಡಿದಾಗ ಫಲಿತಾಂಶ ಉಲ್ಟಾ ಬಂತು. ಅದನ್ನು ನಾನು ಹುಡುಕಿ ಕಳಿಸಿದೆ. ಭಾವ ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ಆದರೆ ತಾಳಮದ್ದಲೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಒಳ್ಳೆಯ ಪ್ರಶ್ನೆ.

ಸಾಗರದ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಚಿಕ್ಕವಳಿದ್ದಾಗ 'ಕರ್ಣಭೇದನ' ಪ್ರಸಂಗವನ್ನೇ ಮೂರ್ನಾಲ್ಕು ಸಲ ಕೇಳಿದ್ದೇನೆ. ತಾಳಮದ್ದಲೆ ಅಂದರೆ ಯಕ್ಷಗಾನದ ಪ್ರಸಂಗವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಬರೀ ಹಾಡು, ಮಾತು. ಸಂಧಾನ ಮುರಿದು ಹೊರಟ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಎಳೆದು, ಮೈದುನನ ಸಲಿಗೆಯಲ್ಲಿ ಕೂರಿಸಿಕೊಳ್ಳುತ್ತಾನೆ. ನೀನು ಸೂತನ ಮಗ ಅಲ್ಲ, ಕುಂತಿಯ ಮೊದಲ ಮಗ ಅಂತ ಹೇಳುತ್ತಾನೆ. ಇದಕ್ಕಿಂತ ದೊಡ್ಡ ತಿರುವು ಯಾವ ಸಿನಿಮಾದಲ್ಲಿದೆ? ಅಲ್ಲಿ ಚಾಪೆ ಮೇಲೆ ಕೂತ ನಾಲ್ಕು ವರ್ಷದ ಮಗುವಿಗೂ ಅದು ಗೊತ್ತು. ಗೊತ್ತಿಲ್ಲದೇ ಇರುವವನು ಒಬ್ಬನೇ, ಕರ್ಣ. ಇಡೀ ಊರಿಗೆ ಗೊತ್ತಿರುವುದು ಅವನಿಗೆ ಈಗ ಗೊತ್ತಾಗುತ್ತಿದೆ. ಅದಕ್ಕೇ ನಾವೆಲ್ಲ ಉಸಿರು ಹಿಡಿದು ಕೂರುತ್ತಿದ್ದೆವು. ಕರ್ಣನ ಮಾತಾಡುವ ಅರ್ಥಧಾರಿ ಅದನ್ನು ಕೇಳಿ ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಮೊದಲ ಮಾತು ಯಾವುದು ಆಡುತ್ತಾನೆ ಅನ್ನುವುದರ ಮೇಲೆ ಕಿವಿ ಇರುತ್ತಿತ್ತು. ಒಬ್ಬ ಕರ್ಣ ಕೃಷ್ಣನ ಮೇಲೆ ಸಿಟ್ಟಾಗುತ್ತಿದ್ದ. ಇನ್ನೊಬ್ಬ ಕರ್ಣ ಸಾಕಿದ ತಾಯಿ ರಾಧೆಯನ್ನು ನೆನೆದು ಅಳುತ್ತಿದ್ದ. ಕತೆ ಅದೇ, ಆದರೆ ಅವತ್ತಿನ ಮಾತು ಅವತ್ತಿಗೇ ಹೊಸದು.

ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಗೊತ್ತಿಲ್ಲದೆ ಅದು ಸಿಡಿದರೆ 15 ಸೆಕೆಂಡ್ ಬೆಚ್ಚಿಬೀಳುತ್ತಾರೆ. ಮೊದಲೇ ಗೊತ್ತಿದ್ದರೆ 15 ನಿಮಿಷ ಚಡಪಡಿಸುತ್ತಾರೆ. ಗೊತ್ತಿರುವುದೇ ಮೇಲು ಅಂತ ಅವನ ಲೆಕ್ಕ. ಆದರೆ ಅದೇ ಮನುಷ್ಯ 1960ರಲ್ಲಿ 'ಸೈಕೋ' ಬಿಡುಗಡೆ ಮಾಡುವಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಥಿಯೇಟರಿನವರಿಗೆ ಹೇಳಿದ. ಕೊನೆಯನ್ನು ಯಾರಿಗೂ ಹೇಳಬೇಡಿ ಅಂತ ನೋಡಿದವರನ್ನು ಕೇಳಿಕೊಂಡ. ಕೊನೆಗೆ ಮಾತ್ರ ಗೊತ್ತಾಗಬೇಕು ಅಂತ ಹೆಣೆದ ಕತೆಯೇ ಬೇರೆ ಅಂತ ಅವನಿಗೆ ಗೊತ್ತಿತ್ತು.

'ದೃಶ್ಯ'ದಲ್ಲಿ ಎರಡೂ ಇದೆ. ಆ ಕತೆ ನನಗೆ ಇಷ್ಟು ಹಿಡಿಸಿದ್ದು ಅದಕ್ಕೇ. ಕೊಲೆ ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ನಮ್ಮಿಂದ ಏನೂ ಮುಚ್ಚಿಡುವುದಿಲ್ಲ. ನಾವು ಆ ಮನೆಯವರ ಜೊತೆಗೇ ಇರುತ್ತೇವೆ. ಬಸ್ ಟಿಕೆಟ್, ಹೋಟೆಲ್, ಸಿನಿಮಾ ಅಂತ ಆ ಮನೆಯ ಅಪ್ಪ ಸುಳ್ಳು ಸಾಕ್ಷಿ ಕಟ್ಟುವುದನ್ನೂ ನೋಡುತ್ತೇವೆ. ಪೊಲೀಸರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು ಅಂದುಕೊಂಡು ಕೂತಿರುತ್ತೇವೆ. ಆದರೆ ಒಂದೇ ಒಂದು ಸಂಗತಿಯನ್ನು ಅವನು ನಮಗೂ ಹೇಳಿರುವುದಿಲ್ಲ. ಕಟ್ಟುತ್ತಿರುವ ಸ್ಟೇಷನ್ ಕಣ್ಣೆದುರೇ ಇರುತ್ತದೆ. ಅದನ್ನು ನೋಡಿಯೂ ನೋಡಿರುವುದಿಲ್ಲ. ಜೀತು ಜೋಸೆಫ್ ಮಲಯಾಳಂನಲ್ಲಿ 2013ರಲ್ಲಿ ಮಾಡಿದ ಈ ಕತೆ ಕನ್ನಡಕ್ಕೆ ಬಂತು, ತೆಲುಗು, ತಮಿಳು, ಹಿಂದಿಗೆ ಹೋಯಿತು, ಚೀನಾದವರೆಗೂ ಹೋಯಿತು. ಚೀನಾದಲ್ಲಿ ಮಾತ್ರ ಕೊನೆಗೆ ಅಪ್ಪ ತಾನಾಗಿ ಪೊಲೀಸರಿಗೆ ಒಪ್ಪಿಸಿಕೊಳ್ಳುತ್ತಾನೆ. ನನಗೆ ನಮ್ಮದೇ ಇಷ್ಟ.

ಈಗ ಬರುವ ಎಷ್ಟೋ ಸಿನಿಮಾಗಳ ಮೇಲೆ ನನಗೆ ಸಿಟ್ಟು ಬರುವುದೂ ಇಲ್ಲೇ. "ಕ್ಲೈಮ್ಯಾಕ್ಸ್ ಊಹಿಸೋಕೇ ಆಗಲ್ಲ" ಅಂತ ಅವರೇ ಮೊದಲು ಸಾರುತ್ತಾರೆ. ನಾವು ಎರಡು ಗಂಟೆ ಕತೆ ನೋಡುವುದು ಬಿಟ್ಟು ಕಳ್ಳನನ್ನು ಹುಡುಕುತ್ತಾ ಕೂರುತ್ತೇವೆ. ಕೊನೆಗೆ ಎಲ್ಲೂ ಸುಳಿವು ಕೊಡದ ಒಬ್ಬನನ್ನು ತಂದು ನಿಲ್ಲಿಸಿ, ಇವನೇ ಅನ್ನುತ್ತಾರೆ. ಇನ್ನೊಂದು ಸಲ ನೋಡೋಣ ಅಂತ ಅನಿಸದೇ ಇದ್ದರೆ ಅದೆಂಥ ತಿರುವು? 'ದೃಶ್ಯ'ವನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಭಾವ ಹೇಳುವುದು ಸರಿ, ಗೊತ್ತಿದ್ದರೂ ಮಜಾ ಇದೆ. ಎರಡನೇ ಸಲ ಇನ್ನೂ ಜಾಸ್ತಿ ಇದೆ. ಆದರೆ ಎರಡನೇ ಸಲ ಅನ್ನುವುದು ಮೊದಲನೇ ಸಲದ ನಂತರ ಬರಬೇಕು. ಭಾವ ಅಮ್ಮನಿಗೆ ನೇರ ಎರಡನೇ ಸಲವನ್ನೇ ಕೊಟ್ಟುಬಿಟ್ಟರು. ಮೊದಲನೆಯದು ಇನ್ನು ಯಾವತ್ತೂ ಸಿಗುವುದಿಲ್ಲ.

ಹಾಗಾದ್ರೆ ನಿಮಗೆ ಸಿಕ್ಕಿತ್ತಲ್ಲ. 'ಸಿಕ್ಕಿತ್ತು' ಅನ್ನುವ ಮಾತನ್ನೇ ಅಮ್ಮ ಯಾಕೆ ಆರಿಸಿಕೊಂಡಳು ಅಂತ ಮಂಗಳವಾರ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಹೊಳೆಯಿತು. ನಲ್ಲಿ ನಿಲ್ಲಿಸಿ ಹಾಗೇ ನಿಂತುಬಿಟ್ಟೆ.

1995. ನಾನು ಎಂಟನೇ ಕ್ಲಾಸು. ಸುನೀಲ್ ಕುಮಾರ್ ದೇಸಾಯಿ ಅವರ 'ಬೆಳದಿಂಗಳ ಬಾಲೆ' ನಮ್ಮ ಊರಿಗೆ ಬಂದಿತ್ತು. ಅನಂತನಾಗ್ ಅದರಲ್ಲಿ ಚೆಸ್ ಆಟಗಾರ. ಫೋನಿನಲ್ಲಿ ಒಂದು ಹೆಣ್ಣಿನ ದನಿ, ನನ್ನನ್ನು ಕಂಡುಹಿಡಿ ನೋಡೋಣ ಅನ್ನುತ್ತದೆ. ಅವಳ ಮುಖ ನಮಗೆ ಕಾಣಿಸುವುದಿಲ್ಲ. ಅಮ್ಮ ಪಕ್ಕದ ಮನೆಯವರ ಜೊತೆ ಮಧ್ಯಾಹ್ನದ ಆಟಕ್ಕೆ ಹೋಗಿ ಬಂದಿದ್ದಳು. ಕಣ್ಣು ಕೆಂಪಗಿತ್ತು. "ಹೇಗಿದೆ ಅಮ್ಮ? ಆ ಹುಡುಗಿ ಸಿಗ್ತಾಳಾ?" ಅಂತ ನಾನು ಬೆನ್ನು ಬಿದ್ದೆ. "ನೀನೇ ನೋಡು" ಅಂದಳು. ಎರಡು ದಿನ ಕಾಡಿದರೂ ಅಷ್ಟೇ, "ನೀನೇ ನೋಡು." ಭಾನುವಾರ ನನ್ನನ್ನು ಕರೆದುಕೊಂಡು ಅದೇ ಸಿನಿಮಾಕ್ಕೆ ಮತ್ತೆ ಹೋದಳು. ಆಗ ನಮ್ಮ ಮನೆಯಲ್ಲಿ ಒಂದೇ ಸಿನಿಮಾಕ್ಕೆ ಎರಡು ಸಲ ದುಡ್ಡು ಕೊಡುವುದು ಅಂದರೆ ಸಣ್ಣ ಮಾತಲ್ಲ. ಅಪ್ಪ ಗೊಣಗಿದ್ದೂ ನೆನಪಿದೆ.

ಸಿನಿಮಾ ನೋಡುವಾಗ ನಾನು ಅಮ್ಮನ ಜೊತೆ ಪಿಸುಮಾತಲ್ಲಿ ಲೆಕ್ಕ ಹಾಕುತ್ತಲೇ ಇದ್ದೆ. ಅವಳು ಇಲ್ಲೇ ಎಲ್ಲೋ ಇದ್ದಾಳೆ, ಇವಳೇ ಇರಬೇಕು, ಅಲ್ಲ ಅವಳು. ಅಮ್ಮ "ಹ್ಞೂಂ, ಇರಬಹುದು" ಅನ್ನುತ್ತಿದ್ದಳು. ಕೊನೆಗೆ ಅವನು ಅವಳ ಮನೆ ತಲುಪಿದಾಗ ಅವಳೇ ಇರಲಿಲ್ಲ. ನಾನು ಅಲ್ಲಿಯವರೆಗೆ ಸಾವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಳು ಬಂದು ಪಕ್ಕಕ್ಕೆ ತಿರುಗಿದರೆ, ಅಮ್ಮ ಪರದೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಗ ಅರ್ಥ ಆಗಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನೋಡುತ್ತಿದ್ದಳೋ. ಬಾಯಿ ತುದಿಯಲ್ಲಿ ಇದ್ದ ಮಾತನ್ನು ನನಗೋಸ್ಕರ ಮೂರು ದಿನ ಹಿಡಿದಿಟ್ಟುಕೊಂಡಿದ್ದಳು.

'ದೃಶ್ಯ'ದ ಕೊನೆಯಲ್ಲಿ ಹೆಣ ಎಲ್ಲಿದೆ ಅಂತ ಹೆಂಡತಿ ಕೇಳಿದರೂ ಅವನು ಹೇಳುವುದಿಲ್ಲ. ಅದು ನನ್ನಲ್ಲೇ ಇರಲಿ ಅನ್ನುತ್ತಾನೆ. ಅವಳು ನಿಶ್ಚಿಂತೆಯಿಂದ ಇರಲಿ ಅಂತ. ಪ್ರೀತಿಯಿಂದ ಬಾಯಿ ಮುಚ್ಚಿಕೊಳ್ಳುವುದು ಅಂತ ಒಂದಿದೆ, ಅದು ನನ್ನ ಅಮ್ಮನಿಗೆ ಮೊದಲಿಂದ ಗೊತ್ತಿತ್ತು. ಭಾನುವಾರ ಅವಳಿಗೋಸ್ಕರ ಯಾರಾದರೂ ಹಾಗೆ ಮಾಡಬೇಕಿತ್ತು. ಭಾವ ಅಡುಗೆಮನೆಯಿಂದ ಬರುವುದು ನನಗೆ ಕಾಣಿಸಿತ್ತು, ಅವರ ಸ್ವಭಾವವೂ ಗೊತ್ತಿತ್ತು. ನಾನೇ ಎದ್ದು ಹೋಗಿ ತಡೆಯಬಹುದಿತ್ತು. ಇದು ಇನ್ನೂ ನನ್ನನ್ನು ಕೊರೆಯುತ್ತಿದೆ.

ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಅವಳ ಮಗಳು ಹಾಸ್ಟೆಲಿನಿಂದ ಎರಡು ದಿನ ರಜೆಗೆ ಬಂದಿದ್ದಾಳೆ. ಅವಳು 'ದೃಶ್ಯ'ವನ್ನು ಯಾವ ಭಾಷೆಯಲ್ಲೂ ನೋಡಿಲ್ಲ ಅಂತ ಗೊತ್ತಾಗಿದ್ದೇ ತಡ, ಅಮ್ಮ ಅವಳನ್ನು ಕೂರಿಸಿಕೊಂಡು ಮತ್ತೆ ಹಾಕಿಸಿದ್ದಾಳೆ. ಗೊಬ್ಬರದ ಗುಂಡಿ ಅಗೆಯುವ ಹೊತ್ತಿಗೆ ಭಾವ ಆಫೀಸಿನಿಂದ ಬಂದರಂತೆ. ಅಮ್ಮ ಕೈ ಎತ್ತಿ ಪಕ್ಕದ ಕುರ್ಚಿ ತೋರಿಸಿದಳಂತೆ. ಭಾವ ಚೀಲ ಕೆಳಗಿಟ್ಟು, ಒಂದೂ ಮಾತಾಡದೆ, ಬೂಟು ಸಹ ಬಿಚ್ಚದೆ ಕೂತರಂತೆ.

"ಕೊನೆ ಗೊತ್ತಾದಾಗ ಮಗಳು ಕೂತಲ್ಲೇ ಎಗರಿಬಿದ್ದಳು ಕಣೆ, ಅಮ್ಮಮ್ಮಾ ಅಂತ ಕೂಗಿ" ಅಂದಳು ಅಕ್ಕ. "ಆದ್ರೆ ನಾನು ಅವಳನ್ನ ನೋಡಲಿಲ್ಲ. ಇವರಿಬ್ಬರನ್ನ ನೋಡ್ತಿದ್ದೆ. ಅಮ್ಮ, ನಿಮ್ಮ ಭಾವ, ಇಬ್ಬರೂ ಟೀವಿ ಬಿಟ್ಟು ಅವಳ ಮುಖಾನೇ ನೋಡ್ತಾ ಕೂತಿದ್ರು."