ಮದ್ದಳೆ ಸರಿ, ಜೀವನಕ್ಕೆ ಎಂತ ಮಾಡ್ತೀರಿ?

ಯಕ್ಷಗಾನದ ಆಟ ಮುಗಿಸಿ ಮದ್ದಳೆಯನ್ನು ಚೀಲಕ್ಕೆ ಹಾಕುವಾಗ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗ, ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಿಂತಾಗ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಮದ್ದಳೆ ಬಾರಿಸೋದು ಸರಿ, ಜೀವನಕ್ಕೆ ಎಂತ ಮಾಡ್ತೀರಿ?" ಕೇಳುವವರಿಗೆ ನನ್ನ ಬಗ್ಗೆ ನಿಜವಾದ ಕಾಳಜಿ ಇರುವುದರಿಂದ ಇಲ್ಲಿ ಬಿಡಿಸಿ ಉತ್ತರಿಸುತ್ತೇನೆ. ನಮಗೆ 28 ಗುಂಟೆ ಅಡಿಕೆ ತೋಟವಿದೆ, ಹೆಂಡತಿ ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಾಳೆ, ಮಳೆಗಾಲದಲ್ಲಿ ನಾನು ಮಕ್ಕಳಿಗೆ ಮದ್ದಳೆ ಪಾಠ ಹೇಳುತ್ತೇನೆ. ಇವುಗಳಿಂದ ಮನೆ ನಡೆಯುತ್ತದೆ. ಮದ್ದಳೆಯೂ ಬಹುಪಾಲು ಇವುಗಳಿಂದಲೇ ನಡೆಯುತ್ತದೆ.

ಮೇಳದ ತಿರುಗಾಟ ದೀಪಾವಳಿ ಕಳೆದ ಮೇಲೆ ಆರಂಭವಾಗಿ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಆ ಆರೇಳು ತಿಂಗಳ ದುಡಿಮೆಯನ್ನೇ ಇಡೀ ವರ್ಷಕ್ಕೆ ಹಂಚಿಕೊಳ್ಳಬೇಕು. ಅದರಲ್ಲಿಯೂ ಒಂದು ಭಾಗವನ್ನು ಮಳೆಗಾಲದಲ್ಲಿಯೇ ಯಜಮಾನರಿಂದ ಮುಂಗಡವಾಗಿ ಪಡೆದು ಖರ್ಚು ಮಾಡಿರುತ್ತೇವೆ.

ನೋಡುವವರಿಗೆ ಕಾಣದ ದೊಡ್ಡ ಖರ್ಚು ವಾದ್ಯದ್ದು. ಮದ್ದಳೆಯ ಬಲ ಮುಚ್ಚಿಗೆಯ (ಬಾಯಿಗೆ ಬಿಗಿದ ಚರ್ಮದ) ನಡುವಿನ ಕಪ್ಪು ಲೇಪವಾದ ಕರಣೆ, ಕಪ್ಪು ಪುಡಿಯನ್ನು ಅನ್ನದೊಂದಿಗೆ ಅರೆದು, ತೆಳ್ಳಗೆ ಪದರದ ಮೇಲೆ ಪದರ ಕೂರಿಸಿ, ಒಂದೊಂದನ್ನೂ ಕಲ್ಲಿನಿಂದ ಉಜ್ಜಿ ಒಣಗಿಸಿ ಮಾಡಿದ್ದು. ದಿನವೂ ಪೆಟ್ಟು ಬೀಳುತ್ತಾ ಅದು ಸೀಳುತ್ತದೆ, ಸಾಸಿವೆಯಷ್ಟು ಚೂರುಗಳಾಗಿ ಉದುರತೊಡಗುತ್ತದೆ, ನಾದ ನಿಲ್ಲಬೇಕಾದ ಕಡೆ ಒಡಕು ದನಿ ಕೇಳುತ್ತದೆ. ಆಗ ಹೊಸ ಮುಚ್ಚಿಗೆಯೇ ಬೇಕು. ಹಗಲಿನ ಬಿಸಿಲಿಗೆ ಬಿಗಿದು ನಿಂತ ಚರ್ಮ ನಡುರಾತ್ರಿಯ ಇಬ್ಬನಿಗೆ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಒಬ್ಬ ಭಾಗವತರು ಕಪ್ಪು ಎರಡರ ಶ್ರುತಿಯಲ್ಲಿ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ) ಹಾಡಿದರೆ ಇನ್ನೊಬ್ಬರು ಕಪ್ಪು ಮೂರರಲ್ಲಿ ಹಾಡುತ್ತಾರೆ, ಹಾಗಾಗಿ ಬೇರೆ ಬೇರೆ ಮೇಳದವರು ಸೇರಿ ಆಡುವ ಕೂಡಾಟಕ್ಕೋ ಬರೀ ಹಾಡುಗಾರಿಕೆಯ ಗಾನವೈಭವಕ್ಕೋ ಅತಿಥಿಯಾಗಿ ಹೋಗುವವನ ಬಳಿ ಎರಡು ಮೂರು ಮದ್ದಳೆ ಇರಲೇಬೇಕು. ಇನ್ನು ಬೆರಳುಗಳು. ಫೆಬ್ರವರಿಯ ಹೊತ್ತಿಗೆ ನನ್ನ ಬಲಗೈಯ ತೋರುಬೆರಳಿನ ತುದಿ ಬಿರಿಯುತ್ತದೆ. ಪ್ಲಾಸ್ಟರ್ ಸುತ್ತಿ ಬಾರಿಸುತ್ತೇನೆ, ಏಕೆಂದರೆ ಕುಳಿತ ರಾತ್ರಿಗೆ ಮಾತ್ರ ಸಂಭಾವನೆ.

ಈ ಕಷ್ಟ ನಮ್ಮ ಜಿಲ್ಲೆಯದು ಮಾತ್ರವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿಯೇ ಇದರ ಕಾರಣವನ್ನು ವಿವರಿಸಿದ್ದರು: ಯಂತ್ರ ಬಂದಂತೆಲ್ಲ ಕಾರ್ಖಾನೆಯಲ್ಲಿ ಒಬ್ಬ ಆಳು ಮಾಡುವ ಕೆಲಸವೂ ಅವನ ಕೂಲಿಯೂ ಏರುತ್ತವೆ, ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಇಂದೂ ನಾಲ್ವರೇ ಬೇಕು, ಹೊತ್ತೂ ಅಷ್ಟೇ ಬೇಕು, ಹಾಗಾಗಿ ಖರ್ಚು ಏರಿದಷ್ಟು ಗಳಿಕೆ ಏರುವುದಿಲ್ಲ. ಅಲ್ಲಿನ ಹೆಸರಾಂತ ವಾದ್ಯವೃಂದ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಕೂಡ 2011ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ನಮ್ಮ ಹಿಮ್ಮೇಳಕ್ಕೂ ಭಾಗವತರು, ಮದ್ದಳೆ, ಚಂಡೆ ಎಂದು ಮೂವರು ಬೇಕೇ ಬೇಕು. ಕಾಲಮಿತಿ ಬಂದು ಇಡೀ ರಾತ್ರಿಯ ಆಟ ಮೂರು ನಾಲ್ಕು ಗಂಟೆಗೆ ಇಳಿದಿರುವುದು ನಿಜ, ನಿದ್ದೆಗೆ ಅದು ಒಳ್ಳೆಯದೇ; ಆದರೆ ಆ ಮೂರು ಗಂಟೆಗೆ ಬೇಕಾದ ಕಲಿಕೆ ಒಂದು ವರ್ಷವೂ ಕಡಿಮೆಯಾಗಿಲ್ಲ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಸೀಮೆ ಇದು. ಕಲಾವಿದನಿಗೆ ಇಲ್ಲಿ ಗೌರವದ ಕೊರತೆಯಿಲ್ಲ, ನನಗೂ ಶಾಲು ಹೊದೆಸಿದ್ದಾರೆ. ಕೊರತೆ ಇರುವುದು ಲೆಕ್ಕದಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಕಡೆ ಧ್ವನಿವರ್ಧಕ, ದೀಪ, ಕುರ್ಚಿಯವರ ಹಣ ಆಟ ಮುಗಿದ ಕೂಡಲೇ ಚುಕ್ತಾ ಆಯಿತು. ಹಿಮ್ಮೇಳದವರಿಗೆ ಮಾತ್ರ "ಮುಂದಿನ ವಾರ ಕಳಿಸ್ತೇವೆ" ಎಂದರು. ದೇವಿಮನೆ ಘಟ್ಟ ಇಳಿಯುವ ಬೆಳಗಿನ ಬಸ್ಸಿನಲ್ಲಿ ಮದ್ದಳೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ. ಆ ಹಣ ಇನ್ನೂ ಬಂದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ತಿರುಗಾಟ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿಯಿತ್ತು, ನನ್ನ ಮುಂಗಡವೂ ತೀರಿರಲಿಲ್ಲ. ಆ ವರ್ಷ ನಮ್ಮನ್ನು ಸಾಕಿದ್ದು ಹೊಲಿಗೆ ಯಂತ್ರ. ಮಾಸ್ಕ್ ಹೊಲಿದು ಬಂದ ಹಣದಿಂದ ಮಗಳ ಶುಲ್ಕ ಕಟ್ಟಿದೆವು.

ನೆರವು ಇಲ್ಲವೆಂದಲ್ಲ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ಮನೆ ಕಟ್ಟಿಸಿಕೊಟ್ಟಿದೆ. ಸರ್ಕಾರದ ಮಾಸಾಶನವೂ ಇದೆ, ಆದರೆ ಅದು 58 ವರ್ಷ ತುಂಬಿದ ಮೇಲಿನ ಮಾತು. ಮಕ್ಕಳ ಓದು, ಮನೆಯ ಸಾಲ ಎಲ್ಲವೂ ಬರುವುದು ಅದಕ್ಕೂ ಮೊದಲು. ನನ್ನ ಬಯಕೆ ದೊಡ್ಡದೇನಲ್ಲ. ಆಟ ಆಡಿಸುವವರು ವೀಳ್ಯ (ಆಟದ ಮೊತ್ತ) ಮಾತಾಡುವಾಗಲೇ ಹಿಮ್ಮೇಳದ ಪ್ರಯಾಣ ಮತ್ತು ಮುಚ್ಚಿಗೆಯ ಖರ್ಚನ್ನು ಬೇರೆಯಾಗಿ ಹಿಡಿದು, ನಾವು ಚೌಕಿ (ಬಣ್ಣದ ಮನೆ) ಬಿಡುವ ಮೊದಲು ಕೊಟ್ಟುಬಿಡಬೇಕು.

ಈ ಜೂನ್‌ನಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಪಾಠಕ್ಕೆ ಬಂದಿದ್ದಾನೆ. ಕೈ ಚುರುಕು, ತಾಳ ತಪ್ಪುವುದಿಲ್ಲ. ಅವನ ಅಪ್ಪ ಜಗಲಿಯಲ್ಲಿ ಕುಳಿತು ಕೇಳಿದರು: "ಇದ್ರಲ್ಲೇ ಜೀವನ ಆಗ್ತದಾ, ಮಾರಾಯ್ರೆ?" ಶಾಲೆ ಮಾತ್ರ ಬಿಡಿಸಬೇಡಿ, ಉಳಿದದ್ದು ನನಗಿರಲಿ ಎಂದೆ. ನನಗೆ ಕಲಿಸಿದ ಗುರುಗಳ ಬಾಯಲ್ಲಿ ಈ ಮಾತು ಬಂದಿರಲಿಲ್ಲ. ಹುಡುಗ ಅಷ್ಟರಲ್ಲಿ ಒಳಗೆ ಕುಳಿತು ಏಕತಾಳ ಆರಂಭಿಸಿದ್ದ.