ಫೋಟೋ ತೆಗೆಯುವಾಗ ನಿಮಗಾದ ಅತಿ ವಿಚಿತ್ರ ಅನುಭವ ಯಾವುದು?

ಸ್ಟುಡಿಯೋ ಇಟ್ಟುಕೊಂಡಿದ್ದೇನೆ ಎಂದು ಗೊತ್ತಾದ ಕೂಡಲೇ ಜನ ಈ ಪ್ರಶ್ನೆ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕಾಡು, ಹುಲಿ, ಸಾಧ್ಯವಾದರೆ ಒಬ್ಬ ಕಾಡುಗಳ್ಳನೂ ಇರುತ್ತಾನೆ. ಅಂಥ ಕಥೆ ಬೇಕಿದ್ದವರು ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರದನ್ನು ಓದಬೇಕು. 1997ರಲ್ಲಿ ವೀರಪ್ಪನ್ ಅವರಿಬ್ಬರನ್ನೂ ಅಪಹರಿಸಿ 14 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ನಾನು ಬಯಲುಸೀಮೆಯ ಒಂದು ತಾಲ್ಲೂಕು ಊರಿನವನು. ನನ್ನ ಉತ್ತರ ಸಾವಿನ ಮನೆಯ ಫೋಟೋ. ಇಷ್ಟು ಹೇಳಿದರೆ ಅರ್ಧ ಜನ ಮಾತು ಬದಲಿಸುತ್ತಾರೆ. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ, ಕೊರಳಲ್ಲಿ ಹಾರ. ದೇಹ ವಾಲದಂತೆ ಬಟ್ಟೆಯಿಂದ ಗೋಡೆಗೆ ಆನಿಸಿ ಕಟ್ಟಿರುತ್ತಾರೆ. ಪಕ್ಕದಲ್ಲಿ ರಾತ್ರಿಯಿಡೀ ಭಜನೆ. ಮಣ್ಣು ಮಾಡಲು ಹೊರಡುವ ಮುನ್ನ ಯಾರಿಗೋ ನೆನಪಾಗುತ್ತದೆ: ಅಜ್ಜನ ಒಂದು ಒಳ್ಳೆಯ ಫೋಟೋ ಮನೆಯಲ್ಲಿಲ್ಲ. ಆಗ ನನಗೆ ಕರೆ ಬರುತ್ತದೆ.

ಅಲ್ಲಿ ಫ್ಲ್ಯಾಶ್ ಹಾಕುವಂತಿಲ್ಲ. ಹಾಕಿದರೆ ವಿಭೂತಿ ಬೆಳ್ಳಗೆ ಹೊಳೆದು ಹಣೆಯೇ ಮಾಯವಾಗುತ್ತದೆ. ಬಾಗಿಲಿನಿಂದ ಬರುವ ಬೆಳಕನ್ನೇ ನಂಬಿ, ಟ್ರೈಪಾಡ್ ನಿಲ್ಲಿಸಿ, ಶಟರನ್ನು ನಿಧಾನಕ್ಕೆ ಇಡಬೇಕು, ಅಂದರೆ ಹೆಚ್ಚು ಹೊತ್ತು ತೆರೆದಿಡಬೇಕು. ರೀಲಿನ ಕಾಲದಲ್ಲಿ ಹೀಗೆ ತೆಗೆದ ಮೊದಲ ಚಿತ್ರವನ್ನು ಕತ್ತಲೆಕೋಣೆಯಲ್ಲಿ ತೊಳೆದಾಗ ನಾನು ಬೆಚ್ಚಿದ್ದು ನಿಜ. ಸುತ್ತ ಕುಳಿತು ಅಳುತ್ತಿದ್ದ ಹೆಂಡತಿ, ಮಕ್ಕಳು, ಸೊಸೆಯಂದಿರು ಎಲ್ಲರೂ ಅಲುಗಾಡಿ ಹೊಗೆಯಂತೆ ಮಸುಕಾಗಿದ್ದರು. ನಡುವೆ ಅಜ್ಜ ಮಾತ್ರ, ಮೀಸೆಯ ಒಂದೊಂದು ಕೂದಲೂ ಎಣಿಸುವಂತೆ, ಸ್ಪಷ್ಟವಾಗಿದ್ದರು. ಆ ಚಿತ್ರದಲ್ಲಿ ಬದುಕಿರುವವರು ಯಾರು ಎಂದು ಕೇಳಿದ್ದರೆ ಯಾರಾದರೂ ಅವರನ್ನೇ ತೋರಿಸುತ್ತಿದ್ದರು.

ಆದರೆ ಅದು ಕ್ಯಾಮೆರಾದ ಕೆಲಸ, ಕಾರಣ ಗೊತ್ತಿರುವಂಥದ್ದು. ವಿಚಿತ್ರ ಎಂದು ನಾನು ಕರೆಯುವುದು ಆಮೇಲೆ ಬರುವ ಬೇಡಿಕೆಯನ್ನು. ಹನ್ನೊಂದನೆಯ ದಿನ ಮುಗಿಸಿ ಮಗ ಅಂಗಡಿಗೆ ಬರುತ್ತಾನೆ. "ಅಪ್ಪ ಕಣ್ಣು ಬಿಟ್ಟಂತೆ ಮಾಡಿಕೊಡಿ ಸರ್." ನನಗೆ ಕೆಲಸ ಕಲಿಸಿದವರು ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದರು, ಅವರು ಬರೆದ ಕಣ್ಣುಗಳೆಲ್ಲ ಸ್ವಲ್ಪ ದೇವರ ಪಟದ ಕಣ್ಣುಗಳಂತೆಯೇ ಇರುತ್ತಿದ್ದವು. ನಾನು ಕಂಪ್ಯೂಟರಿಗೆ ಬಂದವನು. ಗುರುತಿನ ಚೀಟಿಯ ಫೋಟೋ ಇದ್ದರೆ ಅದರಿಂದ ಕಣ್ಣು ತೆಗೆಯುತ್ತೇನೆ. ಒಮ್ಮೆ ಅದೂ ಇರಲಿಲ್ಲ. ಮಗನನ್ನೇ ಅದೇ ಬೆಳಕಿನಲ್ಲಿ, ಅದೇ ಕೋನದಲ್ಲಿ ಕೂರಿಸಿ ತೆಗೆದು, ಅವನ ಕಣ್ಣುಗಳನ್ನು ಅಪ್ಪನ ಮುಖಕ್ಕೆ ಕೂರಿಸಿ, ರೆಪ್ಪೆಯ ಕೆಳಗೆ ವಯಸ್ಸಿನ ಸುಕ್ಕು ಸೇರಿಸಿದೆ. ಫೋಟೋ ಒಯ್ಯಲು ಬಂದ ತಾಯಿ ಬಹಳ ಹೊತ್ತು ನೋಡಿ, "ಸಿಟ್ಟು ಬಂದಾಗ ಹೀಗೇ ನೋಡುತ್ತಿದ್ದರು" ಎಂದರು. ಮಗ ನನ್ನ ಮುಖ ನೋಡಲಿಲ್ಲ.

ಇದೆಲ್ಲ ಮೋಸವಲ್ಲವೇ ಎಂದು ಕೇಳಿದವರೂ ಇದ್ದಾರೆ. ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬ ಫೋಟೋಗ್ರಾಫರ್ ಇದ್ದ. ಗಿರಾಕಿಯ ಬೆನ್ನ ಹಿಂದೆ ಸತ್ತ ಬಂಧುವಿನ ಮಸುಕು ಆಕೃತಿ ಮೂಡಿಸಿ, ಆತ್ಮವೇ ಬಂದು ನಿಂತಿದೆ ಎನ್ನುತ್ತಿದ್ದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಂಚನೆಯ ವಿಚಾರಣೆ ನಡೆದು ಬಿಡುಗಡೆಯೂ ಆದ. ಆಮೇಲೆ ಅಬ್ರಹಾಂ ಲಿಂಕನ್ನರ ಪತ್ನಿಯೇ ಅವನ ಮುಂದೆ ಕುಳಿತು, ಗಂಡನ "ಆತ್ಮ" ಹೆಗಲ ಮೇಲೆ ಕೈಯಿಟ್ಟ ಚಿತ್ರ ಪಡೆದರು. ನನ್ನ ಗಿರಾಕಿಗಳಿಗೆ ಅಂಥ ಭ್ರಮೆಯಿಲ್ಲ. ತೀರಿಕೊಂಡ ಅಜ್ಜಿಯನ್ನು ಮೊಮ್ಮಗನ ಮದುವೆಯ ಗ್ರೂಪ್ ಫೋಟೋದಲ್ಲಿ ನಿಲ್ಲಿಸಿ ಎನ್ನುವವರು ಎಷ್ಟು ದುಡ್ಡಾಗುತ್ತದೆ ಎಂದೂ ಕೇಳುತ್ತಾರೆ, ಸೀರೆಗೆ ಬಣ್ಣವನ್ನೂ ಆರಿಸುತ್ತಾರೆ, ಚೌಕಾಸಿಯನ್ನೂ ಮಾಡುತ್ತಾರೆ. ಮಮ್ಲರ್‌ಗಿಂತ ನಾನು ವಾಸಿ, ಕನಿಷ್ಠ ರಸೀದಿ ಕೊಡುತ್ತೇನೆ.

ಮನುಷ್ಯರದಷ್ಟೇ ಅಲ್ಲ. ಎಮ್ಮೆಗೆ ವಿಮೆ ಮಾಡಿಸಲು ಫೋಟೋ ಬೇಕು: ಮಾಲೀಕ ಪಕ್ಕದಲ್ಲಿ ನಿಂತಿರಬೇಕು, ಕಿವಿಗೆ ಹಾಕಿದ ಬಿಲ್ಲೆ ಕಾಣಬೇಕು. ಎಮ್ಮೆ ಸತ್ತರೆ ಪರಿಹಾರಕ್ಕಾಗಿ ಮತ್ತೊಂದು ಫೋಟೋ, ಅದರಲ್ಲೂ ಬಿಲ್ಲೆ ಕಾಣಲೇಬೇಕು. ಹಿಂದೆ ನಾನೇ ಫೋಟೋ ತೆಗೆದಿದ್ದ ಒಂದು ಎಮ್ಮೆ ಸತ್ತಾಗ ಕೊಟ್ಟಿಗೆಗೆ ಹೋದೆ. ಯಜಮಾನರು ಹೆಗಲ ಟವೆಲಿನಿಂದ ಬಿಲ್ಲೆಯ ಮೇಲಿನ ಸಗಣಿ ಒರೆಸಿ, ಅದರ ಕಿವಿ ಹಿಡಿದು ಕುಳಿತರು. ಕೆಲಸ ಮುಗಿಯಿತು.

ಕೆಲವು ದಿನ ಬಿಟ್ಟು ಅಂಗಡಿಗೆ ಬಂದು, ಬದುಕಿದ್ದಾಗ ತೆಗೆದ ಫೋಟೋ ಇನ್ನೂ ಇದೆಯೇ, ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡುತ್ತೀರಾ ಎಂದರು. ವಿಮೆಯವರಿಗೆ ಮತ್ತೆ ಬೇಕಂತೆಯೇ ಎಂದು ಕೇಳಿದೆ. ಅಲ್ಲ, ಮನೆಗೆ. "ಕಿವಿಯಲ್ಲಿರುವ ಆ ಬಿಲ್ಲೆ ತೆಗೆದುಬಿಡಿ" ಎಂದೂ ಹೇಳಿದರು. ತೆಗೆದೆ. ಆ ಜಾಗಕ್ಕೆ ಕಿವಿಯ ಕೂದಲು ಕೂರಿಸುವುದು ಮನುಷ್ಯರ ಕಣ್ಣು ತೆರೆಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.